ಹಸಿರುಮನೆಯಲ್ಲಿ ಗೊಬ್ಬರದ ಲೆಕ್ಕ: ಕೂಡಿಸುವ ಮೊದಲು ಕಳೆಯಬೇಕು

ಹೊಲದಲ್ಲಿ ಗೊಬ್ಬರ ಹೆಚ್ಚಾದರೆ ಮಳೆ ಒಂದಿಷ್ಟನ್ನು ತೊಳೆದುಕೊಂಡು ಹೋಗುತ್ತದೆ. ದುಡ್ಡಿಗೆ ನಷ್ಟ, ಅಂತರ್ಜಲಕ್ಕೂ ಕೆಡುಕು, ಆದರೆ ಬೆಳೆ ಹೇಗೋ ಪಾರಾಗುತ್ತದೆ. ಹಸಿರುಮನೆಯ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಳೆಯೇ ಇಲ್ಲ. ಹನಿ ಕೊಳವೆಯಿಂದ ಅಳತೆಯ ನೀರು ಬರುತ್ತದೆ, ಗಿಡ ಅದನ್ನು ಹೀರಿ ಎಲೆಯ ಮೂಲಕ ಆವಿಯಾಗಿಸುತ್ತದೆ, ಉಳಿದದ್ದು ಮಣ್ಣಿನ ಮೇಲ್ಮೈಯಿಂದ ಆರಿಹೋಗುತ್ತದೆ. ಹೋಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಲವಣಗಳು ಮಣ್ಣಿನಲ್ಲೇ ಉಳಿಯುತ್ತವೆ, ಕೆಳಗಿನ ಪದರದಲ್ಲಿದ್ದವೂ ಆವಿಯಾಗುವ ನೀರಿನೊಂದಿಗೆ ಮೇಲಕ್ಕೆ ಏರುತ್ತವೆ. ಮೂರು ನಾಲ್ಕು ಬೆಳೆ ತೆಗೆದ ಹಸಿರುಮನೆಯ ಮಡಿಗಳ ಮೇಲೆ ಬಿಳಿ ಪುಡಿಯಂತೆ ಕಾಣುವುದು ಈ ಉಳಿಕೆಯೇ.

ಇಂಥ ಜಾಗದಲ್ಲಿ ತರಕಾರಿಗೆ ಸಾವಯವ ಗೊಬ್ಬರ, ರಸಗೊಬ್ಬರ ಎರಡನ್ನೂ ಸೇರಿಸಿ ಕೊಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸಲಹೆ ಸರಿಯಾದದ್ದೇ. ಆದರೆ ಹೇಗೆ ಸೇರಿಸಬೇಕು ಎಂದು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಬಹಳ ಕಡೆ ನಡೆಯುವುದು ಕೂಡಿಸುವ ಲೆಕ್ಕ: ಕೊಟ್ಟಿಗೆ ಗೊಬ್ಬರ ಸಿಕ್ಕಷ್ಟು ತುಂಬಿಸಿ, ಅದರ ಮೇಲೆ ರಸಗೊಬ್ಬರದ ಪೂರ್ತಿ ಶಿಫಾರಸನ್ನೂ ಹನಿಯಲ್ಲಿ ಬಿಡುವುದು. ಕೊಟ್ಟಿಗೆ ಗೊಬ್ಬರ ಎಷ್ಟಿದ್ದರೂ ಒಳ್ಳೆಯದೇ ಎಂಬ ನಂಬಿಕೆ ಇದರ ಹಿಂದಿದೆ. ಬಯಲಿನಲ್ಲಿ ಈ ನಂಬಿಕೆ ಹೆಚ್ಚು ಕೇಡು ಮಾಡದು. ಹೊದಿಕೆಯ ಕೆಳಗೆ ಮಾಡುತ್ತದೆ.

ಎರಡರ ಕೆಲಸ ಬೇರೆ

ಯೂರಿಯಾದಲ್ಲಿ 46 ಶೇಕಡ ಸಾರಜನಕವಿದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 0.5. ಬರೀ ಸಾರಜನಕಕ್ಕಾಗಿ ಕೊಟ್ಟಿಗೆ ಗೊಬ್ಬರ ಹೊರುವುದು ದಂಡದ ಕೆಲಸ ಎಂದು ಈ ಅಂಕಿ ನೋಡಿದವರಿಗೆ ಅನ್ನಿಸಬಹುದು. ಆದರೆ ಅದರ ಮುಖ್ಯ ಕೊಡುಗೆ ಇರುವುದು ಇಂಗಾಲದಲ್ಲಿ. ಮಣ್ಣಿನ ಕಣಗಳನ್ನು ಕೂಡಿಸಿ ಹೆಂಟೆಯಾಗಿಸುವುದು, ಬೇರಿಗೆ ಗಾಳಿ ಆಡುವಂತೆ ಮಾಡುವುದು, ನೀರು ಹಿಡಿದಿಡುವುದು, ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು ಎಲ್ಲವೂ ಇಂಗಾಲದ ಕೆಲಸ. ಯಾವ ರಸಗೊಬ್ಬರದ ಚೀಲದಲ್ಲೂ ಇದು ಸಿಗುವುದಿಲ್ಲ. ಜೊತೆಗೆ ಸತು, ಬೋರಾನ್, ಮ್ಯಾಂಗನೀಸ್ ಥರದ ಲಘು ಪೋಷಕಾಂಶಗಳು ಸ್ವಲ್ಪ ಸ್ವಲ್ಪವಾಗಿ ಬರುತ್ತವೆ.

ಕೊಟ್ಟಿಗೆ ಗೊಬ್ಬರ ಪೋಷಕಾಂಶವನ್ನು ಹಿಡಿದಿಡುತ್ತದೆ ಎನ್ನುವ ಮಾತೂ ಇದೆ. ಅದು ಅರ್ಧ ನಿಜ. ಕಳಿತ ಸಾವಯವ ವಸ್ತುವಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಧನ ವಿದ್ಯುದಂಶದ ಅಮೋನಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅದಕ್ಕೆ ಅಂಟಿಕೊಳ್ಳುತ್ತವೆ. ನೈಟ್ರೇಟ್ ಕೂಡ ಋಣ ವಿದ್ಯುದಂಶದ್ದೇ ಆದ್ದರಿಂದ ಅಂಟುವುದಿಲ್ಲ, ನೀರು ಹರಿದತ್ತ ಹರಿಯುತ್ತದೆ. ಅದನ್ನು ಹಿಡಿಯಬಲ್ಲವರು ಗಿಡದ ಬೇರು ಮತ್ತು ಹಸಿದ ಸೂಕ್ಷ್ಮಜೀವಿಗಳು ಮಾತ್ರ.

ರಸಗೊಬ್ಬರದ ಬಲ ಇರುವುದು ಹೊತ್ತಿಗೆ ಒದಗುವುದರಲ್ಲಿ. ಇಂದು ಬೇಕೆಂದರೆ ಇಂದು, ಇಂತಿಷ್ಟು ಗ್ರಾಂ ಬೇಕೆಂದರೆ ಅಷ್ಟೇ ಕೊಡಬಹುದು. ಟೊಮೇಟೊ ಸಸಿ ನಾಟಿಯಾದ ಮೊದಲ ಮೂರು ನಾಲ್ಕು ವಾರ ಒಟ್ಟು ಪೋಷಕಾಂಶದ ಸಣ್ಣದೊಂದು ಪಾಲನ್ನಷ್ಟೇ ಬಳಸುತ್ತದೆ. ಕಾಯಿ ಕಚ್ಚಿ ಗೊಂಚಲುಗಳು ತುಂಬತೊಡಗಿದಾಗ ಬೇಡಿಕೆ ಥಟ್ಟನೆ ಏರುತ್ತದೆ, ಅದರಲ್ಲೂ ಪೊಟ್ಯಾಷಿನದು. ಮಣ್ಣಿನೊಳಗಿನ ಸೂಕ್ಷ್ಮಜೀವಿಗೆ ಇದು ಯಾವುದೂ ಗೊತ್ತಿಲ್ಲ. ಅದು ಬಿಸಿ ಮತ್ತು ತೇವ ಇದ್ದಾಗ ಗೊಬ್ಬರವನ್ನು ಒಡೆಯುತ್ತದೆ, ಇಲ್ಲದಾಗ ಸುಮ್ಮನಿರುತ್ತದೆ.

ಇವೆರಡನ್ನು ಜೋಡಿಸಿದರೆ ಲಾಭವಿದೆ ಎಂಬುದು ಹೊಸ ಮಾತಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಇಂದಿನವರೆಗೂ ನಡೆಯುತ್ತಿರುವ ಬ್ರಾಡ್‌ಬಾಕ್ ಗೋಧಿ ಪ್ರಯೋಗದಲ್ಲಿ ಬರೀ ಕೊಟ್ಟಿಗೆ ಗೊಬ್ಬರದ ತಾಕು, ಬರೀ ರಸಗೊಬ್ಬರದ ತಾಕು ಬಹುಕಾಲ ಹೆಚ್ಚು ಕಡಿಮೆ ಸಮನಾದ ಇಳುವರಿ ಕೊಟ್ಟವು. ಹೆಚ್ಚು ಇಳುವರಿಯ ತಳಿಗಳು ಬಂದ ಮೇಲೆ ಮುಂದೆ ಹೋದದ್ದು ಕೊಟ್ಟಿಗೆ ಗೊಬ್ಬರದ ಜೊತೆ ಹೆಚ್ಚುವರಿ ಸಾರಜನಕ ಪಡೆದ ತಾಕು. ಅದು ಬಯಲಿನ ಗೋಧಿ, ಹಸಿರುಮನೆಯ ತರಕಾರಿಗೆ ಅದರ ಅಂಕಿಗಳನ್ನು ಎತ್ತಿ ತರುವಂತಿಲ್ಲ. ತತ್ವ ಮಾತ್ರ ಒಂದೇ.

ಗೊಬ್ಬರದಲ್ಲಿ ಇರುವುದೆಲ್ಲ ಈ ಬೆಳೆಗೆ ಸಿಗುವುದಿಲ್ಲ

ಸಾವಯವ ಗೊಬ್ಬರದ ಸಾರಜನಕ ಬಹುಪಾಲು ಪ್ರೋಟೀನಿನಂಥ ವಸ್ತುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಮೊದಲು ಅಮೋನಿಯಂ ಮಾಡುತ್ತವೆ. ಆಮೇಲೆ ನೈಟ್ರೊಸೊಮೊನಾಸ್ ಗುಂಪಿನವು ಅದನ್ನು ನೈಟ್ರೈಟ್ ಆಗಿಸುತ್ತವೆ, ನೈಟ್ರೊಬ್ಯಾಕ್ಟರ್ ಗುಂಪಿನವು ನೈಟ್ರೇಟ್ ಆಗಿಸುತ್ತವೆ. ಈ ಸರಪಳಿಯ ವೇಗವನ್ನು ನಿರ್ಧರಿಸುವ ಒಂದು ಅಂಶ ಇಂಗಾಲ-ಸಾರಜನಕ ಅನುಪಾತ. ಗೊಬ್ಬರದಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 20 ಪಾಲಿಗಿಂತ ಕಡಿಮೆ ಇದ್ದರೆ ಸಾರಜನಕ ಬಿಡುಗಡೆಯಾಗುತ್ತದೆ. 30 ದಾಟಿದರೆ ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಭತ್ತದ ಹುಲ್ಲು, ಮರದ ಹೊಟ್ಟು ಹಸಿಯಾಗಿ ಸೇರಿಸಿದಾಗ ಸಸಿ ಸೊರಗುವುದು ಇದಕ್ಕೇ.

ಕಳಿತ ಕೊಟ್ಟಿಗೆ ಗೊಬ್ಬರದ ಸಾರಜನಕದಲ್ಲಿ ಮೊದಲ ಬೆಳೆಗೆ ಒದಗುವುದು 20ರಿಂದ 30 ಶೇಕಡ. ಕೋಳಿ ಗೊಬ್ಬರದಲ್ಲಿ ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಪೊಟ್ಯಾಷ್ ಸಾವಯವ ರೂಪದಲ್ಲಿ ಬಂಧಿಯಾಗಿರುವುದಿಲ್ಲ, ಹಾಗಾಗಿ ಬಹುಪಾಲು ಕೂಡಲೇ ಸಿಗುತ್ತದೆ. ರಂಜಕ ಇವೆರಡರ ನಡುವೆ. ಇನ್ನು ಬಿಸಿಯ ವಿಷಯ. ಉಷ್ಣಾಂಶ 10 ಡಿಗ್ರಿ ಏರಿದರೆ ಕೊಳೆಯುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಹಸಿರುಮನೆಯ ಮಣ್ಣು ಸದಾ ಬೆಚ್ಚಗೆ, ಸದಾ ತೇವ. ಆದ್ದರಿಂದ ಇಲ್ಲಿ ಗೊಬ್ಬರ ಬಯಲಿಗಿಂತ ಬೇಗ ಕರಗುತ್ತದೆ. ಸಾವಯವ ಇಂಗಾಲವನ್ನು ಮತ್ತೆ ಮತ್ತೆ ತುಂಬಬೇಕಾಗುವುದೂ ಅದರಿಂದಲೇ.

ಒಂದು ಲೆಕ್ಕ ಮಾಡಿ ನೋಡೋಣ

1000 ಚದರ ಮೀಟರ್ ಹಸಿರುಮನೆ, ಚದರ ಮೀಟರಿಗೆ 10 ಕೆಜಿಯಂತೆ ಒಟ್ಟು 10 ಟನ್ ಟೊಮೇಟೊ ನಿರೀಕ್ಷೆ ಎಂದಿಟ್ಟುಕೊಳ್ಳಿ. ಒಂದು ಟನ್ ಹಣ್ಣಿಗೆ ಬೆಳೆ ಮಣ್ಣಿನಿಂದ ಎಳೆಯುವುದು ಹೆಚ್ಚು ಕಡಿಮೆ 2.8 ಕೆಜಿ ಸಾರಜನಕ, 0.9 ಕೆಜಿ ರಂಜಕ, 4.5 ಕೆಜಿ ಪೊಟ್ಯಾಷ್ (ರಂಜಕ, ಪೊಟ್ಯಾಷ್ ಎರಡೂ ಚೀಲದ ಮೇಲೆ ನಮೂದಿಸುವ ಆಕ್ಸೈಡ್ ಲೆಕ್ಕದಲ್ಲಿ, ಅಂದರೆ P2O5, K2O ಆಗಿ). ಅಂದರೆ ಇಡೀ ಬೆಳೆಗೆ 28, 9, 45 ಕೆಜಿ.

ಮೊದಲು ಇಷ್ಟನ್ನೂ ಕೊಟ್ಟಿಗೆ ಗೊಬ್ಬರದಿಂದಲೇ ಪೂರೈಸಿದರೆ ಏನಾಗುತ್ತದೆ ನೋಡಿ. ಗೊಬ್ಬರದಲ್ಲಿ 0.5 ಶೇಕಡ ಸಾರಜನಕ, 0.25 ರಂಜಕ, 0.5 ಪೊಟ್ಯಾಷ್ ಇದೆ ಎನ್ನೋಣ. ಸಾರಜನಕದಲ್ಲಿ 30 ಶೇಕಡ ಮಾತ್ರ ಈ ಬೆಳೆಗೆ ಸಿಗುವುದರಿಂದ 28 ಕೆಜಿಗಾಗಿ ಸುಮಾರು 18.7 ಟನ್ ಗೊಬ್ಬರ ಬೇಕು. ಅದರ ಜೊತೆ 47 ಕೆಜಿ ರಂಜಕ ಬರುತ್ತದೆ. ಬೇಕಿದ್ದದ್ದು 9. ಪೊಟ್ಯಾಷ್ ಕೂಡ ಎರಡು ಪಟ್ಟು. ಸಾರಜನಕದ ಉಳಿದ 70 ಶೇಕಡ ಮುಂದಿನ ಬೆಳೆಗಳ ಕಾಲದಲ್ಲಿ ತನಗೆ ತೋಚಿದಂತೆ ಬಿಡುಗಡೆಯಾಗುತ್ತಾ ಹೋಗುತ್ತದೆ. ಕೋಳಿ ಗೊಬ್ಬರದಲ್ಲಿ ಮಾಡಿದರೂ ಕಥೆ ಬದಲಾಗುವುದಿಲ್ಲ. 3 ಶೇಕಡ ಸಾರಜನಕದಲ್ಲಿ ಅರ್ಧ ಸಿಗುತ್ತದೆಂದರೆ 1.9 ಟನ್ ಸಾಕು, ಆದರೆ 2.6 ಶೇಕಡ ರಂಜಕದ ಲೆಕ್ಕದಲ್ಲಿ ಅದೂ 49 ಕೆಜಿ ರಂಜಕ ತಂದು ಹಾಕುತ್ತದೆ.

ಈ ಅಂಕಿಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ರಂಜಕ. ಬೆಳೆ ಕೇಳುವುದು ಮೂರು ಪಾಲು ಸಾರಜನಕಕ್ಕೆ ಒಂದು ಪಾಲು ರಂಜಕ. ಗೊಬ್ಬರ ಕೊಡುವುದು, ಬೆಳೆಗೆ ಒದಗುವ ಲೆಕ್ಕದಲ್ಲಿ, ಹೆಚ್ಚು ಕಡಿಮೆ ಒಂದಕ್ಕೊಂದು. ಸಾರಜನಕದ ಅಳತೆಗೆ ಗೊಬ್ಬರ ಹಾಕಿದಷ್ಟೂ ರಂಜಕ ಪ್ರತಿ ಬೆಳೆಗೂ ಗುಡ್ಡೆಯಾಗುತ್ತದೆ. ರಂಜಕ ಮಣ್ಣಿನಲ್ಲಿ ಅಷ್ಟಾಗಿ ಚಲಿಸುವುದಿಲ್ಲ, ಗಾಳಿಗೆ ಹಾರಿಹೋಗುವುದೂ ಇಲ್ಲ. ಅತಿಯಾದಾಗ ಅದು ಸತು, ಕಬ್ಬಿಣ ಬೆಳೆಗೆ ದಕ್ಕದಂತೆ ಮಾಡುತ್ತದೆ. ಗೊಬ್ಬರ ಧಾರಾಳವಾಗಿ ತಿಂದ ಮಡಿಯಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ನಿಂತಿದ್ದರೆ ಇನ್ನೊಂದು ಬುಟ್ಟಿ ಗೊಬ್ಬರ ಸುರಿಯುವ ಮುನ್ನ ರಂಜಕದ ಪರೀಕ್ಷೆ ಮಾಡಿಸುವುದು ಲೇಸು.

ಈಗ ಕಳೆಯುವ ಲೆಕ್ಕ. ಗೊಬ್ಬರವನ್ನು ಮಣ್ಣಿನ ಆರೋಗ್ಯಕ್ಕೆ ಬೇಕಾದಷ್ಟು, ರಂಜಕದ ಮಿತಿ ದಾಟದಷ್ಟು ಹಾಕೋಣ. ಚದರ ಮೀಟರಿಗೆ 3 ಕೆಜಿಯಂತೆ 3 ಟನ್. ಅದರಿಂದ ಈ ಬೆಳೆಗೆ ಸಿಗುವ ಸಾರಜನಕ 4.5 ಕೆಜಿ, ರಂಜಕ (60 ಶೇಕಡ ಲೆಕ್ಕದಲ್ಲಿ) 4.5 ಕೆಜಿ, ಪೊಟ್ಯಾಷ್ (80 ಶೇಕಡ ಲೆಕ್ಕದಲ್ಲಿ) 12 ಕೆಜಿ. ಬೇಡಿಕೆಯಿಂದ ಕಳೆದರೆ ಉಳಿಯುವುದು ಸಾರಜನಕ 23.5, ರಂಜಕ 4.5, ಪೊಟ್ಯಾಷ್ 33 ಕೆಜಿ.

ಇದನ್ನು ನೀರಿನಲ್ಲಿ ಪೂರ್ತಿ ಕರಗುವ ರಸಗೊಬ್ಬರದಿಂದ ತುಂಬಬಹುದು. ಪೊಟ್ಯಾಷಿಗೆ ಪೊಟ್ಯಾಸಿಯಂ ನೈಟ್ರೇಟ್ (13-0-45, ಅಂದರೆ ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷಿನ ಶೇಕಡ) 73 ಕೆಜಿ. ಇದರಿಂದ 33 ಕೆಜಿ ಪೊಟ್ಯಾಷ್ ಬರುತ್ತದೆ, ಜೊತೆಗೆ 9.5 ಕೆಜಿ ಸಾರಜನಕವೂ. ರಂಜಕಕ್ಕೆ ಮೋನೋ ಅಮೋನಿಯಂ ಫಾಸ್ಫೇಟ್ (12-61-0) ಏಳೂವರೆ ಕೆಜಿ, ಅದರಲ್ಲಿ ಒಂದು ಕೆಜಿಯಷ್ಟು ಸಾರಜನಕ. ಮಿಕ್ಕ 13 ಕೆಜಿ ಸಾರಜನಕವನ್ನು ಕ್ಯಾಲ್ಸಿಯಂ ನೈಟ್ರೇಟಿನಿಂದ (15.5 ಶೇಕಡ) ಕೊಟ್ಟರೆ 84 ಕೆಜಿ ಸಾಕು, ಹಣ್ಣಿಗೆ ಬೇಕಾದ ಕ್ಯಾಲ್ಸಿಯಂ ಕೂಡ ಬಂದಂತಾಯಿತು.

ಇದು ಮಾದರಿ ಲೆಕ್ಕವಷ್ಟೇ. ಮಣ್ಣಿನಲ್ಲಿ ಈಗಾಗಲೇ ಇರುವುದನ್ನು ಇಲ್ಲಿ ಕಳೆದಿಲ್ಲ, ಕೊಟ್ಟದ್ದರಲ್ಲಿ ಬೇರಿಗೆ ಸಿಗದೆ ಹೋಗುವ ಪಾಲನ್ನು ಸೇರಿಸಿಲ್ಲ. ಹಳೆಯ ಹಸಿರುಮನೆಯಲ್ಲಿ ಕಳೆಯಬೇಕಾದ್ದೇ ಹೆಚ್ಚಿರುತ್ತದೆ. ನೀರನ್ನೂ ಮರೆಯಬಾರದು. ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಇರುವ ಕೊಳವೆಬಾವಿ ನೀರನ್ನು ಬೆಳೆಯ ಅವಧಿಯಲ್ಲಿ 600 ಘನ ಮೀಟರ್ ಹರಿಸಿದರೆ ಸುಮಾರು 6.8 ಕೆಜಿ ಸಾರಜನಕ ಪುಕ್ಕಟೆ ಬಂದಿರುತ್ತದೆ. ಮೇಲಿನ 3 ಟನ್ ಕೊಟ್ಟಿಗೆ ಗೊಬ್ಬರ ಈ ಬೆಳೆಗೆ ಕೊಟ್ಟದ್ದಕ್ಕಿಂತ ಇದು ಜಾಸ್ತಿ!

ಅರ್ಧ ಸಾವಯವ, ಅರ್ಧ ರಾಸಾಯನಿಕ ಎಂಬ ಸೂತ್ರವನ್ನು ನಾನು ಒಪ್ಪದಿರುವುದು ಇದಕ್ಕೇ. ಸಾವಯವ ಅಂಶ ಕಡಿಮೆ ಇರುವ ಹೊಸ ಮಣ್ಣಿನಲ್ಲಿ ಮೊದಲ ಎರಡು ಮೂರು ಬೆಳೆಗೆ ಗೊಬ್ಬರ ಧಾರಾಳವಾಗಿಯೇ ಇರಲಿ. ಹತ್ತು ವರ್ಷ ಗೊಬ್ಬರ ತಿಂದ ಮಣ್ಣಿಗೆ ಆ ಪ್ರಮಾಣ ಹೊರೆಯಾಗುತ್ತದೆ.

ಉಪ್ಪು

ಮಣ್ಣಿನ ಲವಣಾಂಶವನ್ನು ವಿದ್ಯುತ್ ವಾಹಕತೆಯಿಂದ, ಅಂದರೆ ಇಸಿಯಿಂದ ಅಳೆಯುತ್ತಾರೆ. ನೀರು ತುಂಬಿ ಕೆಸರಾಗಿಸಿದ ಮಣ್ಣಿನಿಂದ ಬಸಿದ ದ್ರವದ ಇಸಿ ಮೀಟರಿಗೆ 2.5 ಡೆಸಿಸೀಮೆನ್ಸ್ ಆಗುವವರೆಗೆ ಟೊಮೇಟೊ, ಸೌತೆ ಇಳುವರಿ ಬಿಟ್ಟುಕೊಡುವುದಿಲ್ಲ. ದೊಣ್ಣೆ ಮೆಣಸಿನಕಾಯಿಗೆ ಆ ಮಿತಿ 1.5, ಲೆಟಿಸ್‌ಗೆ 1.3, ಬೀನ್ಸ್‌ಗೆ 1. ಮಿತಿ ದಾಟಿದ ಮೇಲೆ ಪ್ರತಿ ಒಂದು ಅಂಕಕ್ಕೆ ಟೊಮೇಟೊ ಇಳುವರಿ ಹತ್ತು ಶೇಕಡದಷ್ಟು ಇಳಿಯುತ್ತದೆ, ದೊಣ್ಣೆ ಮೆಣಸಿನಕಾಯಿ 14, ಬೀನ್ಸ್ 19. ಹೀಗೆ ಇಸಿ 3 ಇರುವ ಒಂದೇ ಮಡಿಯಲ್ಲಿ ಟೊಮೇಟೊಗೆ ಐದು ಶೇಕಡ ನಷ್ಟವಾದರೆ ದೊಣ್ಣೆ ಮೆಣಸಿನಕಾಯಿಗೆ 21. ಟೊಮೇಟೊ ಚೆನ್ನಾಗಿ ಬಂದ ಮಣ್ಣಿನಲ್ಲಿ ಮೆಣಸಿನಕಾಯಿ ಏಕೆ ಏಳುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಹಲವು ಸಲ ಇಷ್ಟೇ. (ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ ಅಳೆಯುವ ಪ್ರಯೋಗಾಲಯಗಳೂ ಇವೆ. ಅಲ್ಲಿ ಅಂಕಿ ಕಡಿಮೆ ಬರುತ್ತದೆ, ಮೇಲಿನ ಮಿತಿಗಳಿಗೆ ನೇರವಾಗಿ ಹೋಲಿಸಬಾರದು. ಯಾವ ವಿಧಾನ ಎಂದು ಕೇಳಿಕೊಳ್ಳಿ.)

ಉಪ್ಪು ರಸಗೊಬ್ಬರದಿಂದಲೇ ಬರುತ್ತದೆ ಎಂದು ಭಾವಿಸುವವರು ಬಹಳ. ಕೋಳಿ ಗೊಬ್ಬರ, ಕಳಿಯದ ಸಗಣಿ ಗೊಬ್ಬರಗಳಲ್ಲಿ ಸೋಡಿಯಂ, ಕ್ಲೋರೈಡ್ ಗಣನೀಯವಾಗಿರುತ್ತವೆ. ಬೆಳೆಗೆ ಇವುಗಳ ಅಗತ್ಯ ತೀರಾ ಕಡಿಮೆ, ಹಾಗಾಗಿ ಬಹುಪಾಲನ್ನು ಹೀರದೆ ಬಿಡುತ್ತದೆ, ಅವು ಉಳಿಯುತ್ತವೆ. ರಸಗೊಬ್ಬರದಲ್ಲೂ ಇದೇ ತರ್ಕ ಅನ್ವಯಿಸುತ್ತದೆ. ಹಸಿರುಮನೆಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ (ಪೊಟ್ಯಾಸಿಯಂ ಕ್ಲೋರೈಡ್) ಬದಲು ಪೊಟ್ಯಾಸಿಯಂ ಸಲ್ಫೇಟ್ ಅಥವಾ ನೈಟ್ರೇಟ್ ಬಳಸುವುದು ಕ್ಲೋರೈಡ್ ಉಳಿಕೆ ಬೇಡವೆಂದು.

ಟೊಮೇಟೊ ಹಣ್ಣಿನ ಹೂವಿದ್ದ ತುದಿ ಕಪ್ಪಾಗಿ ಗುಳಿ ಬೀಳುವ ತೊಂದರೆಯೂ ಇಲ್ಲಿಗೇ ಸೇರುತ್ತದೆ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆ ಏರುವ ಅಂಶ. ಮಣ್ಣಿನಲ್ಲಿ ಉಪ್ಪು, ಅಮೋನಿಯಂ, ಪೊಟ್ಯಾಸಿಯಂ ಹೆಚ್ಚಾದರೆ ಕ್ಯಾಲ್ಸಿಯಂ ಇದ್ದೂ ಬೇರಿಗೆ ದಕ್ಕುವುದಿಲ್ಲ. ಗೊಬ್ಬರ ತುಂಬಿದ ಮಡಿಗೆ ಮೇಲಿಂದ ಪೊಟ್ಯಾಷ್ ಪೂರ್ತಿ ಕೊಟ್ಟ ಕಡೆ ಇದು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಗಾಳಿಯಲ್ಲಿ ನಡೆಯುವುದು

ಕಳಿಯದ ಗೊಬ್ಬರ ಹಾಕಿ, ಚಳಿಗೆಂದು ಪರದೆ ಇಳಿಸಿ ಮುಚ್ಚಿಟ್ಟ ಹಸಿರುಮನೆಯಲ್ಲಿ ಬೆಳಿಗ್ಗೆ ಹೊಕ್ಕರೆ ಮೂಗಿಗೆ ಘಾಟು ಬಡಿಯುತ್ತದೆ. ಅದು ಅಮೋನಿಯಾ. ಒಂದೆರಡು ದಿನದಲ್ಲಿ ಎಲೆಯ ಅಂಚು ಬೆಂದಂತಾಗುತ್ತದೆ. ಹಸಿ ಕೋಳಿ ಗೊಬ್ಬರ, ಮಣ್ಣಿನ ಮೇಲೆಯೇ ಚೆಲ್ಲಿದ ಯೂರಿಯಾ, ಗೊಬ್ಬರದ ಜೊತೆ ಸುಣ್ಣ ಅಥವಾ ಬೂದಿ ಬೆರೆಸಿದ್ದು, ಇವೇ ಸಾಮಾನ್ಯ ಕಾರಣಗಳು. ಹುಳಿ ಮಣ್ಣಿನಲ್ಲಿ ಇನ್ನೊಂದು ಅಪಾಯವಿದೆ. ಅಮೋನಿಯಂ ವಿಪರೀತವಾದಾಗ ನೈಟ್ರೈಟ್ ನೈಟ್ರೇಟ್ ಆಗುವ ಎರಡನೆಯ ಹಂತ ತಡವರಿಸುತ್ತದೆ, ಸೇರಿಕೊಂಡ ನೈಟ್ರೈಟ್ ಅನಿಲವಾಗಿ ಏಳುತ್ತದೆ. ಯಾವುದು ಎಂದು ತಿಳಿಯಲು ಸುಲಭದ ಉಪಾಯ: ಬೆಳಿಗ್ಗೆ ಕಿಟಕಿ ತೆರೆಯುವ ಮುನ್ನ ಪ್ಲಾಸ್ಟಿಕ್ಕಿನ ಒಳಮೈಗೆ ಕಟ್ಟಿದ ಹನಿಗೆ ಲಿಟ್ಮಸ್ ಕಾಗದ ಮುಟ್ಟಿಸಿ. ನೀಲಿಯಾದರೆ ಅಮೋನಿಯಾ, ಕೆಂಪಾದರೆ ನೈಟ್ರೈಟಿನಿಂದ ಎದ್ದ ಅನಿಲ. ಎರಡಕ್ಕೂ ತಕ್ಷಣದ ಮದ್ದು ಗಾಳಿ ಆಡಿಸುವುದು.

ಮಣ್ಣನ್ನು ಬಿಸಿಲಿನಲ್ಲಿ ಪ್ಲಾಸ್ಟಿಕ್ ಹೊದಿಸಿಯೋ ಹಬೆಯಿಂದಲೋ ಕಾಯಿಸಿ ರೋಗಾಣು ಕೊಂದ ಮೇಲೆ ಸ್ವಲ್ಪ ಕಾಲ ವಿಶೇಷ ಎಚ್ಚರ ಬೇಕು. ಸಾವಯವ ವಸ್ತುವನ್ನು ಅಮೋನಿಯಂ ಮಾಡುವ ಜೀವಿಗಳು ಬೇಗ ಚೇತರಿಸಿಕೊಳ್ಳುತ್ತವೆ, ಅಮೋನಿಯಂ ಅನ್ನು ನೈಟ್ರೇಟ್ ಮಾಡುವವು ನಿಧಾನ. ಈ ಅಂತರದಲ್ಲಿ ಯೂರಿಯಾ, ಅಮೋನಿಯಂ ರೂಪದ ಗೊಬ್ಬರ ಕೊಡದೆ ನೈಟ್ರೇಟ್ ರೂಪದ್ದನ್ನೇ ಕೊಡಬೇಕು.

ಗಾಳಿಯ ಮಾತಿಗೆ ಒಳ್ಳೆಯ ಬದಿಯೂ ಇದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಈಗ 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ದಾಟಿದೆ. ಕಿಟಕಿ ಮುಚ್ಚಿದ ಹಸಿರುಮನೆಯಲ್ಲಿ ಬಿಸಿಲೇರಿದಂತೆ ಗಿಡಗಳು ಅದನ್ನು 200ರ ಆಸುಪಾಸಿಗೆ ಇಳಿಸಬಲ್ಲವು, ದ್ಯುತಿಸಂಶ್ಲೇಷಣೆ ಕುಂಟುತ್ತದೆ. ಮಣ್ಣಿನಲ್ಲಿ ಕೊಳೆಯುತ್ತಿರುವ ಗೊಬ್ಬರ ಬಿಡುವ ಇಂಗಾಲದ ಡೈಆಕ್ಸೈಡ್ ಆ ಕೊರತೆಯನ್ನು ಸ್ವಲ್ಪ ತುಂಬುತ್ತದೆ.

ಎಲ್ಲಿ, ಯಾವಾಗ

ಹನಿಯ ಕೆಳಗೆ ಮಣ್ಣು ಗಡ್ಡೆಯಾಕಾರದಲ್ಲಿ ನೆನೆಯುತ್ತದೆ. ಅದರಾಚೆ ಒಣ. ಇಡೀ ನೆಲಕ್ಕೆ ಸಮನಾಗಿ ಹರಡಿದ ಗೊಬ್ಬರದಲ್ಲಿ ಓಡಾಡುವ ದಾರಿಗೆ ಬಿದ್ದದ್ದು ಕೊಳೆಯುವುದೂ ಇಲ್ಲ, ಬೇರಿಗೆ ಎಟುಕುವುದೂ ಇಲ್ಲ. ಆದ್ದರಿಂದ ಗೊಬ್ಬರ ಹನಿ ಸಾಲಿನ ಅಡಿಯಲ್ಲಿ, ಮೇಲಿನ 15ರಿಂದ 20 ಸೆಂಟಿಮೀಟರ್ ಮಣ್ಣಿನಲ್ಲಿ ಬೆರೆತಿರಲಿ. ನಾಟಿಗೆ ಎರಡು ಮೂರು ವಾರ ಮೊದಲೇ ಬೆರೆಸಿ ನೀರು ಕೊಟ್ಟಿದ್ದರೆ ಮೊದಲ ಬಿಸಿ, ಮೊದಲ ಘಾಟು ಎರಡೂ ಸಸಿ ಬರುವಷ್ಟರಲ್ಲಿ ತಣಿದಿರುತ್ತವೆ.

ಹಸಿ ಗೊಬ್ಬರ ಬೇಡವೆನ್ನಲು ಇನ್ನೊಂದು ಕಾರಣ ತಿನ್ನುವವರ ಆರೋಗ್ಯ. ಅಮೆರಿಕದ ಸಾವಯವ ಕೃಷಿ ನಿಯಮದಂತೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರವನ್ನು ಕೊಯ್ಲಿಗೆ ಕನಿಷ್ಠ 120 ದಿನ ಮೊದಲು, ತಾಗದ ಬೆಳೆಗೆ 90 ದಿನ ಮೊದಲು ಮಣ್ಣಿಗೆ ಸೇರಿಸಿರಬೇಕು. ಬೇಗ ಬೇಗ ಕೊಯ್ಯುವ ಹಸಿರುಮನೆ ತರಕಾರಿಗೆ ಈ ಅಂತರ ಪಾಲಿಸುವುದೇ ಕಷ್ಟ. ಕಾಂಪೋಸ್ಟ್ ರಾಶಿಯ ಒಳಗೆ 55 ಡಿಗ್ರಿ ದಾಟುವಂತೆ ಬಿಸಿಯೇರಿಸಿ, ತಿರುವಿ ಹಾಕಿ ಕಳಿಸಿದ ಗೊಬ್ಬರವೇ ಲೇಸು.

ಮೇಲುಗೊಬ್ಬರವೆಲ್ಲ ರಸಾವರಿಯಲ್ಲಿ, ಅಂದರೆ ಹನಿ ನೀರಿನಲ್ಲೇ ಕರಗಿಸಿ, ವಾರಕ್ಕೆ ಒಂದೆರಡು ಸಲ, ಸಣ್ಣ ಕಂತುಗಳಲ್ಲಿ. ಮೊದಲ ವಾರಗಳಲ್ಲಿ ಸಾರಜನಕದ ಕೈ ಬಿಗಿಯಾಗಿರಲಿ, ಮಡಿಯ ಗೊಬ್ಬರವೇ ಸಸಿಯನ್ನು ಸಾಕುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ಫಾಸ್ಫೇಟ್, ಸಲ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ತೊಟ್ಟಿಯಲ್ಲಿ ಗಟ್ಟಿಯಾಗಿ ಕರಗಿಸಿದರೆ ಗಸಿ ಕಟ್ಟಿ ಹನಿಯ ಬಾಯಿ ಮುಚ್ಚುತ್ತದೆ, ಅವಕ್ಕೆ ಬೇರೆ ಬೇರೆ ತೊಟ್ಟಿ ಬೇಕೇ ಬೇಕು. ದ್ರವ ರೂಪದ ಸಾವಯವ ಗೊಬ್ಬರವನ್ನು ಹನಿಯಲ್ಲಿ ಬಿಡುವವರು ನುಣ್ಣಗೆ ಸೋಸದಿದ್ದರೆ ಅದೇ ಗತಿ.

ಈಗಾಗಲೇ ಹೆಚ್ಚಾಗಿದ್ದರೆ

ಉಪ್ಪು, ನೈಟ್ರೇಟ್ ಎರಡೂ ಏರಿ ಕುಳಿತ ಮಣ್ಣಿಗೆ ನೀರು ಹಾಯಿಸಿ ತೊಳೆಯುವುದು ಎಲ್ಲರಿಗೂ ತಿಳಿದ ದಾರಿ. ಬಸಿಗಾಲುವೆ ಇಲ್ಲದ ಕಡೆ ಅದು ಉಪ್ಪನ್ನು ಒಂದಡಿ ಕೆಳಗಿಳಿಸುತ್ತದೆ ಅಷ್ಟೆ, ಮುಂದಿನ ಬೇಸಿಗೆಗೆ ಮತ್ತೆ ಮೇಲೆ. ನೈಟ್ರೇಟ್ ಅಂತರ್ಜಲ ಸೇರುವುದು ಬೇರೆ. ಅದಕ್ಕಿಂತ ಜಾಣ ದಾರಿ ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಮುಸುಕಿನ ಜೋಳ ಅಥವಾ ಮೇವಿನ ಜೋಳವನ್ನು ಗೊಬ್ಬರವಿಲ್ಲದೆ ದಟ್ಟವಾಗಿ ಬಿತ್ತುವುದು. ಆಳಕ್ಕಿಳಿಯುವ ಬೇರು ನೈಟ್ರೇಟ್, ಪೊಟ್ಯಾಷ್ ಹೀರುತ್ತದೆ. ಬೆಳೆದದ್ದನ್ನು ಬುಡಸಹಿತ ಕೊಯ್ದು ಹೊರಗೆ ಸಾಗಿಸಿದರೆ ಹೀರಿದಷ್ಟು ಉಪ್ಪು ಅದರೊಂದಿಗೆ ಹೊರಟುಹೋಗುತ್ತದೆ. ಅಲ್ಲಿಯೇ ಉಳುಮೆ ಮಾಡಿ ಮುಚ್ಚಿದರೆ ಏನೂ ಹೋಗಲಿಲ್ಲ. ಅತಿ ನೈಟ್ರೇಟ್ ಇರುವ ಮಣ್ಣಿಗೆ ಈ ಹಂತದಲ್ಲಿ ಕೋಳಿ ಗೊಬ್ಬರ ಖಂಡಿತ ಬೇಡ. ಸಾವಯವ ಇಂಗಾಲ ಬೇಕೇ ಬೇಕೆಂದರೆ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ. ಹೊಸ ಮಣ್ಣಿನಲ್ಲಿ ಸಸಿಯನ್ನು ಸೊರಗಿಸುವ ಆ ಸಾರಜನಕದ ಹಸಿವೇ ಇಲ್ಲಿ ಹೆಚ್ಚುವರಿ ನೈಟ್ರೇಟನ್ನು ಹಿಡಿದು ಕಟ್ಟಿಹಾಕುತ್ತದೆ. ರಂಜಕಕ್ಕೆ ಇಂಥ ಚುರುಕು ಮದ್ದಿಲ್ಲ. ಬೆಳೆಯೇ ಅದನ್ನು ತಿಂದು ಮುಗಿಸಬೇಕು. ಅದು ಇಳಿಯುವವರೆಗೂ ಮಣ್ಣು ಪರೀಕ್ಷೆಯ ಚೀಟಿ ನೋಡಿಕೊಂಡು ರಂಜಕವಿರುವ ಡಿಎಪಿಯನ್ನೂ 19-19-19 ಗೊಬ್ಬರವನ್ನೂ ದೂರವಿಟ್ಟು, ಸಾರಜನಕ, ಪೊಟ್ಯಾಷ್ ಮಾತ್ರ ಕೊಡುತ್ತಾ ಹೋಗುವುದು, ವರ್ಷಗಟ್ಟಲೆ ಆದರೂ.